ಹಿತ್ತಾಳೆಗೆ ಹಚ್ಚಿದ ವಾರ್ನಿಷ್

ದೇಜಪ್ಪನ ಮುಖ ಕಾಣದವರು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಎಷ್ಟೋ ಮಂದಿ ಇದ್ದಾರು. ಒಂದು ಕಾಲಕ್ಕೆ ಅವನ ಅಕ್ಷರ ಕಾಣದವರು ಮಾತ್ರ ಇರಲಿಲ್ಲ. ಸ್ಟೇಷನ್ನಿನಿಂದ ಪೂರ್ವಕ್ಕೆ ಇಳಿದರೆ ನಮ್ಮವರ ಹೋಟೆಲಿನ ಬೋರ್ಡು, ಪಶ್ಚಿಮಕ್ಕೆ ಇಳಿದರೆ ದವಾಖಾನೆ, ಕೋಚಿಂಗ್ ಕ್ಲಾಸು, ಹಿಟ್ಟಿನ ಗಿರಣಿ, ಎಲ್ಲವೂ ಅವನ ಕೈಯದ್ದೇ. ಊರು ಮೂಲ್ಕಿಯ ಬಳಿ. ಕಲ್ಯಾಣದ ಹೋಟೆಲೊಂದರಲ್ಲಿ ಲೋಟ ತೊಳೆಯಲು ಬಂದವನು ಒಂದು ದಿನ ಕರಿಹಲಗೆಯ ಮೇಲೆ ತಿಂಡಿಯ ಹೆಸರು ಬರೆದ. ಇಡ್ಲಿ ತಿನ್ನುತ್ತ ಕೂತಿದ್ದ ಪೇಂಟರೊಬ್ಬ ಅದನ್ನು ನೋಡಿ, 'ಈ ಕೈ ಲೋಟ ತೊಳೆಯುವ ಕೈ ಅಲ್ಲ' ಎಂದು ಅವನನ್ನು ಏಣಿ ಹತ್ತಿಸಿಬಿಟ್ಟ. ಅಂದಿನಿಂದ ಅವನ ಬದುಕು ಬ್ರಷ್ಷಿನ ತುದಿಯಲ್ಲೇ ನಡೆದುಕೊಂಡು ಬಂತು.

ಅವನಿಗೊಂದು ಖಯಾಲಿ ಇತ್ತು. ಕಣ್ಣೆದುರಿಗೆ ಬಣ್ಣವಿಲ್ಲದ ಜಾಗ ಇರಬಾರದು. 'ಅರ್ಧ ಬಳಿದ ಗೋಡೆಯೂ ಒಂದೇ, ಅರ್ಧ ಉಟ್ಟ ಪಂಚೆಯೂ ಒಂದೇ' ಎನ್ನುತ್ತಿದ್ದ. ಬೋರ್ಡು ಬರೆಯಲು ಹೋದವನು ಅಂಗಡಿಯ ಶಟರಿನ ತುಕ್ಕು ಹಿಡಿದ ಮೂಲೆಗೂ ಒಂದು ಕೈ ಬಳಿದೇ ಇಳಿಯುತ್ತಿದ್ದ. ಹೆಂಡತಿ ಹರಿಣಾಕ್ಷಿ ಒಮ್ಮೆ, 'ಮನೆಯಲ್ಲಿ ನಾನೊಬ್ಬಳು ಬಾಕಿ ಉಳಿದಿದ್ದೇನೆ ಮಾರಾಯ್ರೆ, ನನಗೂ ಒಂದು ಕೋಟ್ ಹೊಡೆದುಬಿಡಿ' ಎಂದಿದ್ದಳಂತೆ.

ಆಮೇಲೆ ಫ್ಲೆಕ್ಸ್ ಬಂತು. ಹಾಳಾದ್ದು ಹೇಗೆ ಬಂತೆಂದರೆ, ನಿನ್ನೆ ಇರಲಿಲ್ಲ, ಇವತ್ತು ನೋಡಿದರೆ ಊರೆಲ್ಲ ಅದೇ. ಬೆಳಿಗ್ಗೆ ಹೇಳಿದರೆ ಸಂಜೆಗೆ ಬೋರ್ಡು ರೆಡಿ, ಮೇಲೆ ಮಾಲೀಕನ ನಗುಮುಖದ ಫೋಟೋ ಬೇರೆ. ಗುರುತಿನ ಹೋಟೆಲಿನವರೇ ದೇಜಪ್ಪನನ್ನು ಕಂಡರೆ ಮುಖ ತಿರುಗಿಸಿ ಚಹಾ ಕೊಡುವ ಹಾಗಾಯಿತು. ಕಲಿತ ವಿದ್ಯೆ ಕೈಬಿಡುವುದಿಲ್ಲ ಎನ್ನುತ್ತಾರೆ, ಸುಳ್ಳು. ವಿದ್ಯೆ ಕೈಯಲ್ಲೇ ಇರುತ್ತದೆ, ಕೇಳುವವರು ಇರುವುದಿಲ್ಲ, ಅಷ್ಟೆ. ಹರಿಣಾಕ್ಷಿ ಆಫೀಸಿನ ಹುಡುಗರಿಗೆ ಊಟದ ಡಬ್ಬ ಮಾಡಿಕೊಡುತ್ತಿದ್ದಳು. ಆ ವರ್ಷಗಳಲ್ಲಿ ಮನೆ ನಡೆದದ್ದು ಅದರಿಂದಲೇ.

ಎರಡು ಸಾವಿರದ ಒಂಬತ್ತರ ಸುಮಾರಿಗೆ ಅವನಿಗೆ ರಬಾಳೆಯಲ್ಲಿ ಕೆಲಸ ಸಿಕ್ಕಿತು. ಕಾರ್ಕಳದ ಕಡೆಯ ಶಂಭು ಎಂಬವರು ಅಲ್ಲಿ ಟ್ಯಾಂಕರ್ ಕಟ್ಟುವ ವರ್ಕ್‌ಶಾಪ್ ಇಟ್ಟಿದ್ದರು. ಹಾಲಿನ ಟ್ಯಾಂಕರ್, ನೀರಿನ ಟ್ಯಾಂಕರ್ ಮಾಡುತ್ತಿದ್ದವರಿಗೆ ಆ ವರ್ಷ ಮೊದಲ ಬಾರಿಗೆ ವಿಮಾನಕ್ಕೆ ಎಣ್ಣೆ ತುಂಬುವ ಟ್ಯಾಂಕರಿನ ಆರ್ಡರ್ ಬಂದಿತ್ತು. ದೇಜಪ್ಪ ಅದರ ಪೇಂಟರ್.

ಶಂಭು ಮಾತಿನಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಡುವವರಲ್ಲ. 'ನೋಡಿ ದೇಜಪ್ಪಣ್ಣ' ಎಂದಿದ್ದರು ಮೊದಲ ದಿನವೇ, 'ಈ ಗಾಡಿ ಪಾಸಾದ್ರೆ ಇಂಥದ್ದು ಇನ್ನೂ ಬರ್ತದೆ, ನಿಮ್ಮನ್ನು ಪರ್ಮನೆಂಟ್ ಮಾಡ್ತೇನೆ. ಇಲ್ಲದಿದ್ರೆ ಬಣ್ಣದ ಕೆಲಸ ಹೊರಗಿನ ಸ್ಪ್ರೇಯವರಿಗೆ ಕೊಡ್ತೇನೆ. ಆಮೇಲೆ ನನಗೆ ಬೈಬೇಡಿ.'

ಐವತ್ತು ದಾಟಿದ ಕೈಗೆ ಇನ್ನೊಂದು ಕಡೆ ಯಾರು ಬ್ರಷ್ ಕೊಡುತ್ತಾರೆ? ದೇಜಪ್ಪನಿಗೆ ಇದು ಕೊನೆಯ ಏಣಿ, ಅದು ಅವನಿಗೂ ಗೊತ್ತಿತ್ತು. ಜೀವ ಬಿಟ್ಟು ಕೆಲಸ ಮಾಡಿದ. ಆ ಟ್ಯಾಂಕರಿನ ಬಿಳಿ ಬಣ್ಣದಲ್ಲಿ ಮುಖ ನೋಡಿ ತಲೆ ಬಾಚಬಹುದಿತ್ತು.

ವರ್ಕ್‌ಶಾಪಿನಲ್ಲಿ ಟೆಸ್ಟಿಂಗ್ ನೋಡಿಕೊಳ್ಳುವವಳು ಶ್ರದ್ಧಾ, ಡಿಪ್ಲೊಮಾ ಮಾಡಿದ ಹುಡುಗಿ. ತಂದೆತಾಯಿ ಉಡುಪಿಯವರು, ಅವಳು ಹುಟ್ಟಿ ಬೆಳೆದದ್ದು ಡೊಂಬಿವಲಿ. ತುಳು, ಕನ್ನಡ ಎರಡೂ ಅರ್ಥವಾಗುತ್ತಿತ್ತು, ಉತ್ತರ ಬರುತ್ತಿದ್ದದ್ದು ಮಾತ್ರ ಹಿಂದಿಯಲ್ಲಿ. ಟ್ಯಾಂಕರಿನ ಮೈಮೇಲೆ ಅಲ್ಲಲ್ಲಿ ಹಿತ್ತಾಳೆಯ ಬೋಲ್ಟುಗಳಿದ್ದವು. ಎಣ್ಣೆ ತುಂಬುವ ಮುಂಚೆ ಒಂದು ತಂತಿಯ ಕ್ಲಿಪ್ಪನ್ನು ಅವಕ್ಕೆ ಕಚ್ಚಿಸಬೇಕು. ಅರ್ಥಿಂಗ್ ಬೋಲ್ಟ್ ಎಂದು ಅವುಗಳ ಹೆಸರು. ಬಣ್ಣ ಬಳಿಯುವ ಮುಂಚೆ ಅವಳೇ ಅವುಗಳ ಮೇಲೆ ಟೇಪ್ ಅಂಟಿಸಿ, 'ಅಂಕಲ್, ಇಸ್ ಪೆ ಪೇಂಟ್ ನಹೀ ಲಗಾನಾ' ಎಂದು ಹೇಳಿದ್ದಳು. ದೇಜಪ್ಪ ಅವಕ್ಕೆ ಪೇಂಟ್ ಹಚ್ಚಲಿಲ್ಲ. ಟೇಪ್ ತೆಗೆದ ಮೇಲೆ ಅವಳು ಮೀಟರ್ ಹಿಡಿದು ಒಂದೊಂದೇ ಬೋಲ್ಟನ್ನು ಪರೀಕ್ಷೆ ಮಾಡಿ ಸರಿಯಿದೆ ಎಂದಳು. ಗಾಡಿ ತಯಾರಾಯಿತು.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮವರಿಗೆ ಆಯುಧಪೂಜೆ ಎಂದರೆ ಹೇಳಬೇಕೇ? ಸ್ಪ್ಯಾನರಿನಿಂದ ಹಿಡಿದು ಚಹಾದ ಕೆಟಲಿನವರೆಗೆ ಎಲ್ಲಕ್ಕೂ ಸ್ನಾನ, ಎಲ್ಲಕ್ಕೂ ಕುಂಕುಮ. ಮಾರನೆಯ ದಿನ ದಶಮಿ, ಒಳ್ಳೆಯ ದಿನ; ಸರ್ಕಾರಿ ತಪಾಸಣೆ ರಜೆ ಮುಗಿದ ಮೇಲಾದರೂ ಟ್ಯಾಂಕರನ್ನು ಅಂದೇ ಬೇಲಾಪುರಕ್ಕೆ ಕಳಿಸುವುದು ಎಂದು ಶಂಭು ನಿಶ್ಚಯಿಸಿದ್ದರು. ಪೂಜೆಯ ಹಿಂದಿನ ಸಂಜೆ ಎಲ್ಲರೂ ಗೊಂಡೆ ಹೂವಿನ ಮಾಲೆ ಕಟ್ಟುತ್ತಿದ್ದಾಗ ದೇಜಪ್ಪ ಒಬ್ಬನೇ ಟ್ಯಾಂಕರಿಗೆ ಸುತ್ತು ಬಂದ. ಅವನ ಕಣ್ಣು ಹೋಗಿ ಆ ಬೋಲ್ಟುಗಳ ಮೇಲೆಯೇ ನಿಂತಿತು. ಮಳೆಗಾಲದ ತೇವಕ್ಕೆ ಹಿತ್ತಾಳೆ ಕಪ್ಪಿಟ್ಟಿತ್ತು. ಇಷ್ಟು ಚಂದದ ಗಾಡಿ, ಇಷ್ಟು ಕೊಳಕು ಬೋಲ್ಟು, ನಾಳೆ ದೇವರ ಎದುರು ನಿಲ್ಲಬೇಕು. ಅವನಿಗೆ ತಡೆಯಲಾಗಲಿಲ್ಲ.

ಮನೆಯಲ್ಲಿ ಹರಿಣಾಕ್ಷಿ ದೀಪಕ್ಕೆ ಮಾಡುವಂತೆ ಹುಣಸೆಹುಳಿ ಹಾಕಿ ತಿಕ್ಕಿದ. ಬೋಲ್ಟು ಬಂಗಾರವಾಯಿತು. ಆದರೆ ಈ ಹೊಳಪು ಎಷ್ಟು ದಿನ? ಡಾಕ್ಟರರ, ವಕೀಲರ ಹಿತ್ತಾಳೆಯ ನಾಮಫಲಕ ಮಾಡುತ್ತಿದ್ದಾಗ ಅವನು ಕಲಿತದ್ದೊಂದು ಉಪಾಯವಿತ್ತು. ಮೇಲಿಂದ ತೆಳುವಾಗಿ ಬಣ್ಣವಿಲ್ಲದ ವಾರ್ನಿಷ್ ಎಳೆದುಬಿಟ್ಟರೆ ವರ್ಷಗಟ್ಟಲೆ ಕಪ್ಪಾಗುವುದಿಲ್ಲ. ಶ್ರದ್ಧಾ ಬೇಡವೆಂದದ್ದು ಪೇಂಟು, ಇದು ಪೇಂಟಲ್ಲವಲ್ಲ. ಬೋಲ್ಟಿಗೆ ಹಚ್ಚಿದ, ಕ್ಲಿಪ್ಪಿಗೆ ಹಚ್ಚಿದ, ಪೈಪಿನ ಬಾಯಿಗಿದ್ದ ಹಿತ್ತಾಳೆಗೂ ಹಚ್ಚಿದ. ಹಿತ್ತಾಳೆ ಕಂಡಲ್ಲೆಲ್ಲ ಭಕ್ತಿಯಿಂದ ಹಚ್ಚಿದ. ಮರುದಿನ ಆರತಿಯ ಬೆಳಕಿಗೆ ಅವು ಮಿನುಗಿದ್ದು ನೋಡಿ ಶಂಭುವೇ, 'ದೇಜಪ್ಪಣ್ಣನ ಕೈ ಅಂದ್ರೆ ಕೈ' ಎಂದರು. ದಶಮಿಯಂದು ಬೂದುಗುಂಬಳ ಒಡೆದು, ಡ್ರೈವರ್ ಮುಂಡಪ್ಪ ಗಾಡಿಯನ್ನು ಬೇಲಾಪುರಕ್ಕೆ ಹೊಡೆದುಕೊಂಡು ಹೋದ.

ರಜೆ ಮುಗಿದು ಎಲ್ಲರೂ ಬಂದರು. ಅದೇ ಆರ್ಡರಿನ ಎರಡನೆಯ ಟ್ಯಾಂಕರಿನ ಕೆಲಸ ನಡೆಯುತ್ತಿತ್ತು. ಹೊಗಳಿಕೆಯ ಗುಂಗಿನಲ್ಲಿದ್ದ ದೇಜಪ್ಪ ಬೆಳಿಗ್ಗೆಯೇ ಅದರ ಒಂದು ಬೋಲ್ಟಿಗೂ ವಾರ್ನಿಷ್ ಎಳೆದು ಒಣಗಿಸಿದ್ದ. ಮಧ್ಯಾಹ್ನ ಶ್ರದ್ಧಾ ಮೀಟರ್ ತಂದು ಒಂದು ಕಡ್ಡಿಯನ್ನು ಟ್ಯಾಂಕಿಗೂ ಇನ್ನೊಂದನ್ನು ಬೋಲ್ಟಿಗೂ ಮುಟ್ಟಿಸಿದಳು. ಕೀಂ ಎನ್ನಬೇಕಿದ್ದ ಮೀಟರ್ ತೆಪ್ಪಗೆ ಕೂತಿತು. ಬ್ಯಾಟರಿ ಬದಲಿಸಿದಳು. ಊಹುಂ. ಕಡ್ಡಿಯ ಮೊನೆಯಿಂದ ಬೋಲ್ಟನ್ನು ಕೆರೆದಳು. ಮೀಟರ್ ಕೀಂ ಎಂದಿತು. ಮೊನೆಗೆ ಅಂಟಿ ಬಂದ ತೆಳು ಪೊರೆಯನ್ನು ನೋಡಿ ಅವಳು ತಲೆಯೆತ್ತಿದಳು.

'ಅಂಕಲ್, ಕುಛ್ ಲಗಾಯಾ ಕ್ಯಾ ಇಸ್ ಪೆ?'

'ಸ್ವಲ್ಪ ವಾರ್ನಿಷ್, ಅಷ್ಟೆ. ಕಪ್ಪಾಗಬಾರ್ದಲ್ಲ ಮಗಾ.'

ಅವಳು ಸಿಟ್ಟಾಗಲಿಲ್ಲ. ಅಲ್ಲೇ ಕೂತು ಕೇಳಿದಳು: 'ಥಂಡಿ ಮೇ ಸ್ವೆಟರ್ ಉತಾರ್‌ತೇ ಹೋ ತೋ ಚಟ್‌ಚಟ್ ಹೋತಾ ಹೈ ನಾ?'

ಆಗುತ್ತದೆ, ಚಳಿಯಲ್ಲಿ ಸ್ವೆಟರ್ ಕಳಚುವಾಗ ಚಟ್‌ಚಟ್ ಎಂದು ಕಿಡಿ ಹಾರುತ್ತದೆ. ಯಾರಿಗೆ ಗೊತ್ತಿಲ್ಲ? ಆದರೆ ವಿಮಾನದ ಎಣ್ಣೆಯೂ ಹಾಗೆಯೇ ಮಾಡುತ್ತದೆ ಎಂಬುದು ದೇಜಪ್ಪನಿಗೆ ಗೊತ್ತಿರಲಿಲ್ಲ. ಅವಳು ಹೇಳಿದಳು: ಎಣ್ಣೆ ಪೈಪಿನಲ್ಲಿ, ಫಿಲ್ಟರಿನಲ್ಲಿ ಜೋರಾಗಿ ಉಜ್ಜಿಕೊಂಡು ಹರಿಯುವಾಗ ಅದಕ್ಕೂ ಅಂಥದೇ ವಿದ್ಯುತ್ ಹತ್ತಿಕೊಳ್ಳುತ್ತದೆ. ಸ್ವೆಟರಿನಲ್ಲಾದರೆ ಚಟ್ ಎಂದು ಮುಗಿಯಿತು. ಎಣ್ಣೆಯ ಆವಿ ತುಂಬಿದ ಕಡೆ ಅದೇ ಒಂದು ಕಿಡಿ ಹಾರಿದರೆ ಗಾಡಿಯೂ ಇಲ್ಲ, ವಿಮಾನವೂ ಇಲ್ಲ. ಅದಕ್ಕೇ ಪೈಪು ಜೋಡಿಸುವ ಮೊದಲು ಗಾಡಿಗೂ ವಿಮಾನಕ್ಕೂ ತಂತಿ ಜೋಡಿಸುವುದು. ಆಗ ಎರಡೂ ಒಂದೇ ಆಗಿ, ಕಿಡಿ ಹಾರಲು ಕಾರಣವೇ ಇರುವುದಿಲ್ಲ. ಆದರೆ ತಂತಿ ಕಚ್ಚಬೇಕಾದದ್ದು ಬರಿಯ ಲೋಹವನ್ನು. ನಡುವೆ ವಾರ್ನಿಷ್ ಇದ್ದರೆ ಕ್ಲಿಪ್ಪಿನ ಹಲ್ಲು ತೂರಿದರೆ ತೂರಿತು. ತೂರದಿದ್ದರೆ ತಂತಿ ಇದ್ದೂ ಇಲ್ಲದ ಹಾಗೆ. ಮುಂಬಯಿಯ ಜಿಗುಟು ಹವೆಯಲ್ಲಿ ಹೆಚ್ಚಿನ ದಿನ ಏನೂ ಆಗದೆಯೂ ಇರಬಹುದು, ಒಣಹವೆಯ ಒಂದು ದಿನ ಸಾಕು.

'ಏಕ್ ಹೀ ಬೋಲ್ಟ್ ಹೈ ನಾ, ನಿಕಾಲ್ ದೂಂಗಿ', ಒಂದೇ ಬೋಲ್ಟಿನದು, ತಾನೇ ತೆಗೆಯುತ್ತೇನೆ ಎಂದು ಅವಳು ಎದ್ದು ಹೋದಳು. ಮೊದಲ ಟ್ಯಾಂಕರಿನ ಸಂಶಯ ಅವಳಿಗೆ ಯಾಕೆ ಬರಬೇಕು? ಅದನ್ನು ಅವಳೇ ಪರೀಕ್ಷೆ ಮಾಡಿದ್ದಳು. ವಾರ್ನಿಷ್ ಹಚ್ಚಿದ್ದು ಅದರ ನಂತರ. ಅದು ಗೊತ್ತಿದ್ದವನು ಇಡೀ ರಬಾಳೆಯಲ್ಲಿ ದೇಜಪ್ಪನೊಬ್ಬನೇ. ಅವನು ಅದನ್ನು ಹೇಳದೆ ಬ್ರಷ್ ತೊಳೆಯಲು ಹೋದ.

ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಹರಿಣಾಕ್ಷಿ ಕೇಳಿದಳು.

'ಎಂತ ಆಯ್ತು? ಮುಖ ಯಾಕೆ ಹೀಗುಂಟು?'

ಅವಳಿಗೆ ಮುಚ್ಚಿಟ್ಟು ಅಭ್ಯಾಸವಿಲ್ಲ. ಎಲ್ಲ ಹೇಳಿದ. ನಾಳೆ ಬೆಳಿಗ್ಗೆ ಬೇಲಾಪುರದಲ್ಲಿ ತಪಾಸಣೆ, ಗಾಡಿ ಕೊಳ್ಳುವ ಕಂಪನಿಯ ಇಂಜಿನಿಯರೂ ಬರುತ್ತಾರೆ ಎಂಬುದನ್ನೂ ಹೇಳಿದ.

'ಶಂಭು ಸೇಟ್ರಿಗೆ ಹೇಳಿದ್ರಾ?'

'ಹೇಳಿದ್ರೆ ನನ್ನ ಕೆಲ್ಸ ಹೋಯ್ತು ಅಂತ ಲೆಕ್ಕ.'

'ಹೇಳದಿದ್ರೆ?'

ಹರಿಣಾಕ್ಷಿ ಮರುದಿನದ ಡಬ್ಬಕ್ಕೆ ಬೀನ್ಸ್ ಮುರಿಯುತ್ತಿದ್ದಳು. ತಲೆಯೆತ್ತದೆ ಹೇಳಿದಳು: 'ಆ ಪೈಪು ಹಿಡಿಯುವವನಿಗೂ ಮನೆಯಲ್ಲಿ ಒಬ್ಬಳು ಅನ್ನ ಮಾಡಿ ಇಟ್ಟಿರ್ತಾಳೆ. ಅಷ್ಟು ನೆನಪಿಟ್ಟುಕೊಳ್ಳಿ. ಮತ್ತೆ ನಿಮ್ಮಿಷ್ಟ.'

ದೇಜಪ್ಪ ಹೆದರಿದ್ದ ನಿಜ, ಕೆಟ್ಟವನಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಅಂಥದೊಂದು ದಾರಿ ಹುಡುಕಿದ. ಬೆಳಗಾಗುತ್ತಲೇ ಹೋಗಿ, ಯಾರೂ ಬರುವ ಮುಂಚೆ ತಾನೇ ವಾರ್ನಿಷ್ ಉಜ್ಜಿ ತೆಗೆದುಬಿಡುವುದು. ಗಾಡಿಯೂ ಸರಿ, ಕೆಲಸವೂ ಸರಿ, ಪೈಪು ಹಿಡಿಯುವವನೂ ಕ್ಷೇಮ. ಪಾಲಿಶ್ ಪೇಪರನ್ನು ಚೀಲಕ್ಕೆ ಹಾಕಿಕೊಂಡು ಮೊದಲ ಲೋಕಲಿನಲ್ಲೇ ಠಾಣೆಗೆ ಬಂದ. ಅಲ್ಲಿ ಪನ್ವೇಲಿನ ಗಾಡಿ ಹಿಡಿದ. ರಬಾಳೆ ಸ್ಟೇಷನ್ ಬಂದಾಗ ಮುಖ ಆಚೆ ತಿರುಗಿಸಿ ಕೂತ.

ಬೇಲಾಪುರದಲ್ಲಿ ಸರ್ಕಾರಿ ಕಚೇರಿಯ ಹಿಂದಿನ ಬಯಲಿನಲ್ಲಿ ಟ್ಯಾಂಕರ್ ನಿಂತಿತ್ತು. ಕ್ಯಾಬಿನಿನಿಂದ ಮುಂಡಪ್ಪ ಆಕಳಿಸುತ್ತ ಇಣುಕಿದ.

'ದೇಜಪ್ಪಣ್ಣ, ನೀವು ಎಂತ ಇಲ್ಲಿ?'

'ಸ್ವಲ್ಪ ಟಚಪ್ ಉಂಟು. ನೀನು ಮಲಗು.'

ಬೋಲ್ಟಿನ ಎದುರು ಕುಕ್ಕರಗಾಲಿನಲ್ಲಿ ಕೂತು ಉಜ್ಜಿದ. ಉಜ್ಜಿ ನೋಡಿದ. ಹಿತ್ತಾಳೆ ಹೊಳೆಯುತ್ತಿತ್ತು. ಉಜ್ಜುವ ಮುಂಚೆಯೂ ಹೊಳೆಯುತ್ತಿತ್ತು. ಮತ್ತೆ ಉಜ್ಜಿದ. ಆಗ ಅವನಿಗೆ ತಿಳಿಯಿತು, ತಾನು ಎಂಥ ಗುಂಡಿಗೆ ಬಿದ್ದಿದ್ದೇನೆ ಎಂದು. ವಾರ್ನಿಷಿಗೆ ಬಣ್ಣವೇ ಇಲ್ಲ. ಹೋಯಿತೋ ಉಳಿಯಿತೋ ಕಣ್ಣಿಗೆ ಹೇಗೆ ಕಾಣಬೇಕು? ಬೋಲ್ಟಿನ ಮರೆಯ ಸಂದಿ, ಕ್ಲಿಪ್ಪಿನ ಹಲ್ಲುಗಳ ನಡುವೆ, ಪೈಪಿನ ಬಾಯಿಯ ಒಳಸುತ್ತು. ಇನ್ನೆಲ್ಲೆಲ್ಲಿ ಹಚ್ಚಿದ್ದೆನೋ ಅದೂ ಪೂರ್ತಿ ನೆನಪಾಗಲಿಲ್ಲ. ಹಚ್ಚುವ ಖುಷಿಯಲ್ಲಿ ಲೆಕ್ಕ ಇಟ್ಟವರು ಯಾರು? ಜೀವಮಾನವಿಡೀ ಕಣ್ಣನ್ನು ನಂಬಿ ಬದುಕಿದವನಿಗೆ ಅಂದು ಕಣ್ಣು ಕೈಕೊಟ್ಟಿತು.

ಹೇಳಬಲ್ಲದ್ದು ಮೀಟರ್ ಒಂದೇ. ಮೀಟರ್ ಇದ್ದದ್ದು ಶ್ರದ್ಧಾಳ ಹತ್ತಿರ. ಹೀಗೇ ಬಿಟ್ಟು ಎದ್ದು ಹೋಗಬಹುದಿತ್ತು, ಉಜ್ಜಿದ್ದೇನಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಬಹುದಿತ್ತು. ಅವನು ಎದ್ದೂ ನಿಂತ. ಎರಡು ಹೆಜ್ಜೆಯನ್ನೂ ಇಟ್ಟ. ಆಮೇಲೆ ಅಲ್ಲೇ ಟ್ಯಾಂಕರಿನ ಚಕ್ರಕ್ಕೆ ಒರಗಿ ಮೊಬೈಲ್ ತೆಗೆದ.

ಶ್ರದ್ಧಾ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, 'ಸೇಠ್ ಕೋ ಬೋಲಾ?' ಎಂದಳು.

'ಇಲ್ಲ ಮಗಾ. ನೀನೇ ಒಂದು ಮಾತು...'

'ನಹೀ ಅಂಕಲ್. ಆಪ್ ಬೋಲೋ. ಮೈ ನಿಕಲ್‌ತೀ ಹೂಂ.'

ಹೇಳಬೇಕಾದವನು ಅವನೇ, ಅವಳು ಹೊರಟು ಬರುತ್ತಾಳಂತೆ. ಹೀಗೆ ಆ ಬಾಗಿಲೂ ಮುಚ್ಚಿತು. ದೇಜಪ್ಪ ಶಂಭುವಿಗೆ ಫೋನ್ ಮಾಡಿದ. ಏನು ಹೇಳಿದನೋ, ಹೇಗೆ ಹೇಳಿದನೋ, ಆಮೇಲೆ ಅವನಿಗೇ ನೆನಪಿರಲಿಲ್ಲ. ಆ ಕಡೆಯಿಂದ ಬಂದ ಮಾತು ಮಾತ್ರ ಮರೆಯಲಿಲ್ಲ: 'ನನ್ನ ಮನೆ ತೊಳೆದುಬಿಟ್ರಲ್ಲ ಮಾರಾಯ್ರೆ.'

ಶಂಭು ಶ್ರದ್ಧಾಳನ್ನು ಕಾರಿನಲ್ಲಿ ಕೂರಿಸಿಕೊಂಡೇ ಬಂದರು. ದೇಜಪ್ಪನ ಕಡೆ ನೋಡಲೂ ಇಲ್ಲ. ಶ್ರದ್ಧಾ ಮೀಟರ್ ಹಿಡಿದಳು. ದೇಜಪ್ಪ ಅಷ್ಟು ಹೊತ್ತು ಉಜ್ಜಿದ್ದ ಬೋಲ್ಟಿನ ಒಂದು ಬದಿ ಕೂಗಿತು, ಇನ್ನೊಂದು ಬದಿ ಕೂಗಲಿಲ್ಲ. ಕ್ಲಿಪ್ಪಂತೂ ಪೂರಾ ಮೂಗ. ಅವಳು ತೋರಿಸಿದ ಕಡೆ ಅವನು ಉಜ್ಜುವುದು, ಅವನು ಉಜ್ಜಿದ ಕಡೆ ಅವಳು ಮುಟ್ಟಿಸುವುದು, ಹೀಗೆ ನಡೆದಿದ್ದಾಗಲೇ ಕಂಪನಿಯ ಇಂಜಿನಿಯರ್ ಬಂದುಬಿಟ್ಟರು. ಮಾತು ಕಡಿಮೆಯ, ತಲೆ ನರೆತ ಮರಾಠಿ ಮನುಷ್ಯ. ಹೊಸ ಗಾಡಿಯನ್ನು ಪೇಂಟರೊಬ್ಬ ತಿಕ್ಕುತ್ತಿರುವುದನ್ನು ಕಂಡು ಅವರು ನಿಂತರು.

'ಏನಿಲ್ಲ ಸರ್, ರೂಟೀನ್ ಚೆಕಿಂಗ್' ಎಂದು ಶಂಭು ಹಿಂದಿಯಲ್ಲಿ ನಕ್ಕರು. ನಗು ಮುಖದ ಮೇಲೆ ನಿಲ್ಲಲಿಲ್ಲ. ಆ ಮನುಷ್ಯ ಮೀಟರನ್ನೂ ಪಾಲಿಶ್ ಪೇಪರನ್ನೂ ನೋಡಿ, 'ಯಾರು ಏನು ಮಾಡಿದ್ದು?' ಎಂದು ಕೇಳಿದರು.

ಸುಮ್ಮನಿದ್ದರೆ ಶಂಭು ಏನಾದರೂ ಹೇಳಿ ನಿಭಾಯಿಸುತ್ತಿದ್ದರೋ ಏನೋ. ದೇಜಪ್ಪನೇ ಎದ್ದು ನಿಂತು, ಶಂಭುವಿಗೂ ಶ್ರದ್ಧಾಳಿಗೂ ಗೊತ್ತಿಲ್ಲದೆ ತಾನೇ ಮಾಡಿದ್ದೆಂದು ತನ್ನ ಹೋಟೆಲ್ ಹಿಂದಿಯಲ್ಲಿ ಹೇಳಿದ: 'ವಾರ್ನಿಷ್ ಮೈನೇ ಲಗಾಯಾ ಸಾಬ್. ಪೂಜಾ ಥಾ. ಚಮಕ್ನೇ ಕೇ ಲಿಯೇ. ಸೇಠ್ ಕೋ ಮಾಲೂಮ್ ನಹೀ, ಮೇಡಂ ಕೋ ಭೀ ಮಾಲೂಮ್ ನಹೀ.'

ಇಂಜಿನಿಯರ್ ಬೈಯಲೂ ಇಲ್ಲ, ಭುಜ ತಟ್ಟಲೂ ಇಲ್ಲ. ಇವತ್ತು ತಪಾಸಣೆ ಬೇಡ, ಗಾಡಿಯನ್ನು ವಾಪಸ್ ಒಯ್ದು ಮೂಲೆಮೂಲೆ ಪರೀಕ್ಷೆ ಮಾಡಿ, ಆಮೇಲೆ ನೋಡೋಣ ಎಂದು ಹೇಳಿ ಹೊರಟುಹೋದರು. ಶಂಭು ಕಾರಿನ ಬಾಗಿಲು ತೆರೆದು, ಒಳಗೆ ಕೂರುವ ಮುಂಚೆ ಹೇಳಿದರು: 'ನಾನು ಫೋನ್ ಮಾಡುವ ತನಕ ಬರ್ಬೇಡಿ ದೇಜಪ್ಪಣ್ಣ.'

ಆಮೇಲಿನ ದಿನಗಳನ್ನು ದೇಜಪ್ಪ ಹೇಗೆ ಕಳೆದನೋ ದೇವರಿಗೇ ಗೊತ್ತು. ಹರಿಣಾಕ್ಷಿ ಡಬ್ಬ ಕಟ್ಟಿದರೆ ಅವನು ಹಂಚಿ ಬರುತ್ತಿದ್ದ. ದಾರಿಯುದ್ದಕ್ಕೂ ಫ್ಲೆಕ್ಸಿನ ನಗುಮುಖಗಳು. ಯಾರಾದರೂ ಕೇಳಿದರೆ 'ರಜೆ' ಎನ್ನುತ್ತಿದ್ದ. ಕೆಲಸ ಹೋದದ್ದಕ್ಕೆ ದುಃಖವಾಗುತ್ತಿತ್ತು, ಅತ್ತದ್ದೂ ಉಂಟು. ಆದರೆ ಆಕಾಶದಲ್ಲಿ ವಿಮಾನದ ಸದ್ದು ಕೇಳಿದಾಗ ತಲೆಯೆತ್ತಿ ನೋಡಲು ಹೆದರಿಕೆಯಾಗುತ್ತಿರಲಿಲ್ಲ. 'ಅದೊಂದು ಉಳಿಯಿತಲ್ಲ' ಎಂದು ಹರಿಣಾಕ್ಷಿಗೆ ಹೇಳಿದ. ಅವಳು ಹೂಂ ಎಂದಳು.

ದೀಪಾವಳಿ ಕಳೆದ ಮೇಲೆ ಫೋನ್ ಬಂತು. 'ಒಮ್ಮೆ ಬಂದು ಹೋಗಿ' ಎಂದರು ಶಂಭು, ಅಷ್ಟೇ. ಬಾಕಿ ಸಂಬಳ ಕೊಟ್ಟು ಕಳಿಸಲು ಕರೆದಿರಬೇಕು ಎಂದುಕೊಂಡೇ ದೇಜಪ್ಪ ರಬಾಳೆಗೆ ಹೋದ. ಟ್ಯಾಂಕರ್ ಅಂಗಳದಲ್ಲೇ ನಿಂತಿತ್ತು. ಬೋಲ್ಟಿನ ಸುತ್ತ ಕೆಂಪು ಸ್ಟಿಕರ್ ಒಂದು ಅಂಚು ಸುರುಳಿಗೊಂಡು ಜೋತಾಡುತ್ತಿತ್ತು.

'ಗಾಡಿ ಪಾಸಾಯ್ತು' ಎಂದರು ಶಂಭು. 'ಇನ್ನೂ ಎರಡು ಗಾಡಿ ಬೇಕಂತೆ. ಆದ್ರೆ ಒಂದು ಶರ್ತ ಹಾಕಿದ್ದಾರೆ. ನಮ್ಮ ನಿಮ್ಮ ಹಾಗೆ ಇನ್ನೊಬ್ಬ ಭಕ್ತ ಎಲ್ಲಿಯಾದ್ರೂ ಇರಬಹುದಲ್ಲ? ಬರಿಯ ಲೋಹ ಇರ್ಬೇಕಾದ ಕಡೆಯೆಲ್ಲ ಎದ್ದು ಕಾಣುವ ಹಾಗೆ ಬರ್ದಿರ್ಬೇಕು, ಪೇಂಟ್, ವಾರ್ನಿಷ್ ಎಂತದ್ದೂ ಹಚ್ಚಬಾರದು ಅಂತ. ಸ್ಟಿಕರ್ ಮಾಡ್ಸಿದೆ. ಎಣ್ಣೆಯ ಹನಿ ಬಿದ್ರೆ ಅಂಟು ಬಿಡ್ತದೆ, ನೋಡಿ ಅದರ ಅವಸ್ಥೆ. ಕೈಯಲ್ಲೇ ಬರಿಬೇಕು, ಎಣ್ಣೆ ತಡೆಯುವ ಪೇಂಟಿನಲ್ಲಿ.' ಶಂಭು ಜೋತಾಡುತ್ತಿದ್ದ ಸ್ಟಿಕರನ್ನು ಕಿತ್ತು ತೆಗೆದರು. 'ಆ ಇಂಜಿನಿಯರ್ ಕೇಳಿದ್ರು, ನಿಮ್ಮ ಆ ಪೂಜೆಯ ಪೇಂಟರ್ ಇದ್ದಾನಾ, ತೆಗೆದ್ರಾ ಅಂತ. ನಾನು ಎಂತ ಹೇಳ್ಲಿ? ಇದ್ದಾರೆ ಅಂದೆ.'

ದೇಜಪ್ಪ ಕಣ್ಣೊರೆಸಿಕೊಂಡು ಬ್ರಷ್ ಕೇಳಿದ.

ಇಡೀ ದಿನ ಬರೆದ. ಮರಾಠಿಯಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ, ಬೋಲ್ಟಿಗೆ ತಗಲದಂತೆ ಸುತ್ತಲೂ ಕೆಂಪಕ್ಷರ. ಪಕ್ಕದಲ್ಲಿ ಶ್ರದ್ಧಾ ಮೀಟರ್ ಹಿಡಿದು ಕೂತಿದ್ದಳು; ಒಂದೊಂದು ಮುಗಿದ ಹಾಗೆಲ್ಲ ಮುಟ್ಟಿಸಿ, ಕೀಂ ಎಂದ ಮೇಲೆಯೇ ಮುಂದಿನದಕ್ಕೆ ಬಿಡುತ್ತಿದ್ದಳು. ಅಕ್ಷರ ಓದಲು ಬಂದ ಮುಂಡಪ್ಪ, 'ಇಷ್ಟು ಚಂದ ಬರ್ದ್ರೆ ಬೈದ ಹಾಗೇ ಆಗುದಿಲ್ಲ ಮಾರಾಯ್ರೆ' ಎಂದು ತಮಾಷೆ ಮಾಡಿದ.

ಮನೆಗೆ ಬಂದಾಗ ಹರಿಣಾಕ್ಷಿ ಅವನ ಬೆರಳಿನ ಕೆಂಪು ಬಣ್ಣವನ್ನು ಮೊದಲು ನೋಡಿದಳು, ಮುಖವನ್ನು ಆಮೇಲೆ.

'ಎಂತ ಪೇಂಟ್ ಮಾಡಿದ್ರಿ ಇವತ್ತು?'

'ಪೇಂಟ್ ಮಾಡ್ಬೇಡಿ ಅಂತ.'

ಅವಳು ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. ಎಷ್ಟೋ ದಿನದ ಮೇಲಿನ ನಗು ಅದು.

'ಅದಕ್ಕೂ ಸಂಬಳ ಕೊಡ್ತಾರಾ?'

'ಪರ್ಮನೆಂಟ್ ಮಾಡಿದ್ದಾರೆ' ಎಂದ ದೇಜಪ್ಪ.